ಕೆಂಪು ಯಾಟೆಯ ಅರ್ಜಿ

ಕಟ್ಟಾಯದ ಲಕ್ಕಯ್ಯ ಬೆಳಗ್ಗೆ ಹೊಲದಿಂದ ಬಂದವನು ಮನೆ ಬೀಗ ತೆಗೆಯುವ ಮೊದಲೇ ಹಿತ್ತಿಲಿಗೆ ತಿರುಗಿ "ಬಾ ಬಾ ಬಾ" ಎಂದು ಕೂಗಿದ. ದಿನಾ ಆ ಕೂಗಿಗೆ ಸೀರೆ ಎತ್ತಿ ಓಡುವ ಹೆಂಗಸಿನ ಹಾಗೆ ಓಡಿ ಬರುತ್ತಿದ್ದ ಮೊಟ್ಟೆಯಿಡುವ ಕೆಂಪು ಯಾಟೆ ಕೋಳಿ ಆವತ್ತು ಬರಲಿಲ್ಲ. ಮೆದೆಯ ಸುತ್ತ ನೋಡಿದ. ಬೇಲಿಯ ಸಂದಿಯಲ್ಲಿ ನೋಡಿದ. ಇಲ್ಲ. ಪಕ್ಕದ ಮನೆ ಕೆಂಚಯ್ಯನ ತಿಪ್ಪೆಯ ಮೇಲೆ ಮಾತ್ರ ಒಂದು ಹಿಡಿ ಕೆಂಪು ಗರಿ ಬಿದ್ದಿದ್ದವು.

ಅನುಮಾನ ಅನ್ನುವುದು ಹುಳಿ ಬಂದ ಹಿಟ್ಟಿದ್ದ ಹಾಗೆ; ಒಂದು ಮೂಲೆ ಉಬ್ಬಿದರೆ ಸಾಕು, ಪಾತ್ರೆಯೆಲ್ಲ ಉಬ್ಬುತ್ತದೆ. ಲಕ್ಕಯ್ಯ ಗರಿಗಳನ್ನು ಆಯ್ದು ಟವೆಲ್ಲಿನ ಚುಂಗಿಗೆ ಗಂಟು ಹಾಕಿಕೊಳ್ಳುತ್ತಿದ್ದ. ಆಗಲೇ ಕೆಂಚಯ್ಯನ ಅಡಿಗೆಮನೆಯಿಂದ ಚಕ್ಕೆ ಲವಂಗ ಹುರಿದ ವಾಸನೆ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಇದೆಂಥ ಮಸಾಲೆ?

ಅಷ್ಟರಲ್ಲಿ ಕೆಂಚಯ್ಯನೇ ಹೊರಗೆ ಬಂದ.

"ಏನ್ ಲಕ್ಕಣ್ಣ, ನಮ್ ತಿಪ್ಪೇಲಿ ಏನ್ ಹುಡುಕ್ತಾ ಇದ್ದೀಯ?"

"ಏನಿಲ್ಲ ಬುಡು."

"ಮಧ್ಯಾನ್ನ ನಮ್ಮನೇಲೇ ಉಂಡ್ಬುಡು. ಮಾದಕ್ಕ ಕಳೆ ಕಿತ್ಕಂಡು ಬಂದ್ಮೇಲೆ ಅವಳ್ನೂ ಕರ್ಕಂಡು ಬಾ. ಯಾಕೆ ಏನು ಅಂತ ಈಗ ಕೇಳ್ಬ್ಯಾಡ," ಎಂದು ಕೆಂಚಯ್ಯ ಹಲ್ಲು ಬಿಟ್ಟ.

ಬೇಸಿಗೆಯಲ್ಲಿ ಒಂದು ಲೋಟ ಮಜ್ಜಿಗೆ ಕೊಡದವನು ಗಂಡ ಹೆಂಡಿರಿಬ್ಬರನ್ನೂ ಊಟಕ್ಕೆ ಕರೆಯುತ್ತಾನೆ! 'ಕದ್ದ ಕೋಳೀಲೇ ನಂಗೂ ಒಂದು ತುಂಡು ತಿನ್ನಿಸಿ ಬಾಯಿ ಮುಚ್ಚಿಸ್ತಾನೆ' ಎಂದು ಲಕ್ಕಯ್ಯನಿಗೆ ಅಲ್ಲೇ ಖಾತ್ರಿಯಾಯಿತು.

ಹಿಂದಾಗಿದ್ದರೆ ಇಬ್ಬರೂ ಗುಡಿ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿ ಮನೆಗೆ ಹೋಗುತ್ತಿದ್ದರು. ಆಣೆ ಮಾಡಿದವರೆಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿಯೇ ಓಡಾಡುವುದು ನೋಡಿ ನೋಡಿ ಪಂಚಾಯ್ತಿ ಚೇರ್ಮನ್ನು ಚನ್ನಪ್ಪನವರಿಗೆ ಸಾಕಾಗಿತ್ತು. "ಇನ್ಮೇಲೆ ದೂರು ಬರೆದು ಕೊಡಿ. ಪುರಾವೆ ಇರ್ಲಿ," ಎಂದು ಡಂಗುರ ಸಾರಿಸಿದ್ದರು. ಲಕ್ಕಯ್ಯನಿಗೆ ಅದರಿಂದ ಖುಷಿಯೇ ಆಗಿತ್ತು. ಅವನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವನು. ಕಲಿತ ಮೇಲೆ ಬರೆಯುವುದಕ್ಕೆ ಒಂದು ಒಳ್ಳೆ ಜಗಳ ಸಿಕ್ಕಿರಲಿಲ್ಲ, ಅಷ್ಟೆ.

ಒಂದು ಹಾಳೆ ಬರೆದುಕೊಂಡು ತನಗೆ ಕಲಿಸಿದ ರುದ್ರಯ್ಯ ಮೇಷ್ಟ್ರ ಬಳಿ ಓಡಿದ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

"ಗರಿ ಕೆಂಪಗಿದ್ದವು ಅಂತ ಬರ್ದಿದ್ದೀಯ. ಊರಲ್ಲಿ ಕೆಂಪು ಕೋಳಿ ನಿಂದೊಂದೇನಾ?"

"ಅಲ್ಲ ಸಾ."

"ಮಸಾಲೆ ವಾಸನೆ ಬಂತು. ಸರಿ. ಚೇರ್ಮನ್ನರು ನಿನ್ನ ಅರ್ಜೀನ ಮೂಸಿ ನೋಡ್ತಾರೇನಯ್ಯ?"

"ಅವನು ನಕ್ಕ ಸಾ! ಕಳ್ಳನಗು!"

"ನಗೋದು ಯಾವ ಕಾನೂನಲ್ಲಿ ತಪ್ಪು? ನೋಡು ಲಕ್ಕಯ್ಯ, ನೀನು ಕಳ್ಳನ್ನ ಮೊದ್ಲೇ ಗೊತ್ತು ಮಾಡ್ಕಂಡು ಆಮೇಲೆ ಪುರಾವೆ ಹುಡುಕ್ತಾ ಇದ್ದೀಯ. ಎತ್ತಿನ ಮುಂದೆ ಗಾಡಿ ಕಟ್ದಂಗೆ ಇದು. ಅದಿರ್ಲಿ, ಆ ಯಾಟೆ ನಿನ್ನ ಹತ್ರ ಇತ್ತು ಅನ್ನೋದಕ್ಕೇ ಏನು ಪುರಾವೆ? 'ಇವ್ನಿಗೆ ಯಾವ ಯಾಟೆ ಇತ್ತು?' ಅಂತ ಕೆಂಚಯ್ಯ ಕೇಳಿದ್ರೆ?"

"ನಮ್ಮತ್ತೆ ಕೊಟ್ಟದ್ದು ಸಾ."

"ನಿಮ್ಮತ್ತೆ ಮಾರಮ್ಮ ಇರೋದು ಮಲ್ಲಿಪಟ್ಟಣದಲ್ಲಿ. ಕಣ್ಣೆದುರಿಗೆ ತೋರಿಸೋವಂಥದ್ದು ಏನಿದೆ?"

ಲಕ್ಕಯ್ಯ ಅತ್ತಿತ್ತ ನೋಡಿ, ಗೋಡೆಗೂ ಕೇಳಿಸಬಾರದು ಅನ್ನುವ ಹಾಗೆ ಹೇಳಿದ: "ಅದರ ಪಿಳ್ಳೆಗಳವೆ ಸಾ. ಮನೆ ಒಳಗೆ, ಬಿದಿರು ಮಕ್ಕರಿ ಕವುಚಿ ಇಟ್ಟಿದ್ದೀನಿ."

"ಹಾಗೆ ಹೇಳು ಮತ್ತೆ! ಅದು ಪುರಾವೆ. ಬರಿ!"

ಅರ್ಜಿಗೆ ಈಗ ಕೊಬ್ಬು ಬಂತು. 'ಸದರಿ ಯಾಟೆಯು ಹೋದ ಸಲ ಕಾವಿಗೆ ಕೂತು, ಒಂದು ಮೊಟ್ಟೆಯೂ ಕೊಳೆಯದೆ, ಒಂದು ಮರಿಯೂ ಸಾಯದೆ, ಎಲ್ಲವೂ ದಷ್ಟಪುಷ್ಟವಾಗಿ ಬೆಳೆದಿರುತ್ತವೆ. ಅವುಗಳನ್ನು ತಮ್ಮ ಸಮಕ್ಷಮ ಹಾಜರುಪಡಿಸಿದ್ದೇನೆ. ಇದು ನನ್ನ ಮನಸ್ಸಾಕ್ಷಿಯಾಗಿ ಸತ್ಯ' ಎಂದು ಬರೆದು, ಬೆವರೊರೆಸಿಕೊಂಡು ರುಜು ಹಾಕಿದ.

ಪಂಚಾಯ್ತಿ ಜಗಲಿಗೆ ಲಕ್ಕಯ್ಯ ತಲೆಯ ಮೇಲೆ ಮಕ್ಕರಿ ಹೊತ್ತು ಬಂದ; ಜೊತೆಗೆ ಮೇಷ್ಟ್ರೂ ಬಂದರು. ಮಕ್ಕರಿಯೊಳಗಿನ ಕಿಚಿಪಿಚಿಗೆ ಅರ್ಧ ಬೀದಿ ಹಿಂದೆ ಬಂತು. ಚನ್ನಪ್ಪನವರು ಅರ್ಜಿಯನ್ನು ಗಟ್ಟಿಯಾಗಿ ಓದಿಸಿದರು. ಪಿಳ್ಳೆಗಳನ್ನು ನೋಡಿದರು. "ಭೇಷ್! ಪುರಾವೆ ಅಂದ್ರೆ ಇಂಗಿರ್ಬೇಕು ಕಣ್ರಪ್ಪ," ಎಂದು ತಲೆದೂಗಿ, ಕೆಂಚಯ್ಯನಿಗೆ ಹೇಳಿ ಕಳಿಸಿದರು.

ಕೆಂಚಯ್ಯ ಬಂದ. ಕೋಳಿ ಅನ್ನುವ ಮಾತು ಕೇಳುತ್ತಲೇ, "ಹೂಂ ಸಾ, ನಮ್ಮನೇಲೇ ಕುಯ್ದದ್ದು," ಅಂದ.

"ಒಪ್ಕಂಡ! ಕೇಳುದ್ರಾ, ಒಪ್ಕಂಡ!" ಲಕ್ಕಯ್ಯ ಎಗರಾಡಿದ.

"ಆದ್ರೆ ಕುಯ್ಸಿದ್ದು ನಾನಲ್ಲ ಸಾ. ಈವಮ್ಮ."

ಕೆಂಚಯ್ಯನ ಬೆನ್ನ ಹಿಂದಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ಲಕ್ಕಯ್ಯನ ಅತ್ತೆ ಮಾರಮ್ಮ.

"ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದೆ ಬುದ್ದಿ," ಎಂದಳು ಮಾರಮ್ಮ ಚನ್ನಪ್ಪನವರಿಗೆ. "ಮನೆ ಬೀಗ ಹಾಕಿತ್ತು. ನನ್ನ ಯಾಟೆ ಹಿತ್ತಿಲಲ್ಲಿ ಕೆರೀತಿತ್ತು. ಪಾಲಿಗೆ ಕೊಟ್ಟಿದ್ದು ಅದು. ಯಾಟೆ ನಂದು, ಆದ ಮರೀಲಿ ಅರ್ಧ ನಂಗೆ, ಅರ್ಧ ಸಾಕ್ದೋರಿಗೆ. ಈ ಅಳೀಮಯ್ಯ ಏನ್ ಯೋಳಿ ಕಳಿಸಿದ್ದ ಗೊತ್ತಾ? 'ಅತ್ತೆಮ್ಮ, ಮರಿಗಳ್ನೆಲ್ಲಾ ಹದ್ದು ಹೊತ್ಕಂಡೋಯ್ತು, ಒಂದೂ ಬುಡ್ಲಿಲ್ಲ' ಅಂತ! ಮರಿ ದಕ್ಕದ ಯಾಟೆ ಇಟ್ಕಂಡು ಏನ್ ಮಾಡೋದು, ಮಗಳು ಅಳಿಯ ಒಂದೊತ್ತು ಬಾಯ್ ತುಂಬ ಉಣ್ಲಿ ಅಂತ ಕೆಂಚಯ್ಯನ ಮನೇಲಿ ಬೇಯ್ಸಕ್ಕೆ ಇಟ್ಟೆ. ಊಟಕ್ಕೆ ಕೂತಾಗ ಎದುರಿಗೆ ಬಂದು ನಗ್ಸೋಣ, ಅಲ್ಲೀಗಂಟ ಯೋಳ್ಬ್ಯಾಡ ಅಂತ ನಾನೇ ಅಂದಿದ್ದೆ."

ಹೇಳುತ್ತ ಹೇಳುತ್ತ ಅವಳ ಕಣ್ಣು ಮಕ್ಕರಿಯ ಮೇಲೆ ಬಿತ್ತು. ಒಂದು ಕೆಂಪು ಪಿಳ್ಳೆ ಕತ್ತು ಹೊರಗೆ ಹಾಕಿ ಅಜ್ಜಿಯನ್ನು ಗುರುತು ಹಿಡಿದ ಹಾಗೆ ನೋಡಿತು.

"ಇವ್ಯಾರವು ಅಳೀಮಯ್ಯ?"

ಲಕ್ಕಯ್ಯ ರುದ್ರಯ್ಯ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ನಿಂತರು.

ಚನ್ನಪ್ಪನವರು ಅರ್ಜಿ ಎತ್ತಿ ಹಿಡಿದರು. "ಒಂದೂ ಸಾಯದೆ ಎಲ್ಲವೂ ಬೆಳೆದಿರುತ್ತವೆ. ಮನಸ್ಸಾಕ್ಷಿಯಾಗಿ ಸತ್ಯ. ರುಜು, ಲಕ್ಕಯ್ಯ. ಈಗ ನೀನೇ ಯೋಳಪ್ಪ. ಅರ್ಜಿ ಸುಳ್ಳೋ, ಹದ್ದು ಸುಳ್ಳೋ? ಅರ್ಜಿ ಸುಳ್ಳಾದ್ರೆ ಸುಳ್ಳು ದೂರು ಕೊಟ್ಟ ತಪ್ಪಿಗೆ ನಿನ್ನ ಮೇಲೇ ದಂಡ."

ಲಕ್ಕಯ್ಯ ಮೇಲಕ್ಕೆ ನೋಡಿದ. ಆಕಾಶದಲ್ಲಿ ಸಾಕ್ಷಿ ಹೇಳುವುದಕ್ಕೆ ಒಂದು ಕಾಗೆಯೂ ಇರಲಿಲ್ಲ.

"ಅರ್ಜಿ... ನಿಜ ಸಾ."

"ಬಾಳ ಸಂತೋಷ," ಎಂದು ಮಾರಮ್ಮ ಮಕ್ಕರಿಯನ್ನು ತನ್ನ ಕಡೆ ಎಳೆದುಕೊಂಡಳು. "ಅರ್ಧ ನನ್ನ ಪಾಲಿಗೆ. ಇನ್ನರ್ಧ ನಿನ್ನ ಹದ್ದಿಗೆ. ಆ ಹದ್ದು ನಾನೇ ಅಂತ ತಿಳ್ಕೊ."

ಜಗಲಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಚಯ್ಯ ಒಬ್ಬನೇ ನಗಲಿಲ್ಲ. "ನಡಿ ಲಕ್ಕಣ್ಣ, ಊಟಕ್ಕೆ ಒತ್ತಾಯ್ತು," ಎಂದು ರಟ್ಟೆ ಹಿಡಿದು ಎಳೆದ.

ಹೋಗದಿದ್ದರೆ ಅತ್ತೆ ಬಿಡುವವಳಲ್ಲ. ಮಾದಮ್ಮನೂ ಕಳೆ ಕಿತ್ತು ಬಂದವಳು ಅವ್ವನ ಬಾಯಿಂದ ಎಲ್ಲಾ ಕೇಳಿ, ಗಂಡನ ಕಡೆ ಬೆನ್ನು ಮಾಡಿ ಉಣ್ಣುತ್ತ ಕೂತಿದ್ದಳು. ಲಕ್ಕಯ್ಯ ತಲೆ ತಗ್ಗಿಸಿ ಎಲೆಯ ಮುಂದೆ ಕೂತ. ಕೆಂಚಯ್ಯನ ಹೆಂಡತಿ ಬೆಟ್ಟಮ್ಮ ಬಿಸಿ ಮುದ್ದೆ ಇಟ್ಟಳು. ಆಮೇಲೆ ಸೌಟನ್ನು ಪಾತ್ರೆಯ ಅಂಚಿಗೆ ಒತ್ತಿ, ತುಂಡೆಲ್ಲ ಒಳಗೇ ನಿಲ್ಲಿಸಿ, ಬರೀ ತಿಳಿ ಬಗ್ಗಿಸಿದಳು.

"ತುಂಡು ಹಾಕುದ್ರೆ ಪುರಾವೆ ಅಂತ ಟವೆಲ್ಗೆ ಗಂಟಾಕ್ಕಂಬುಡ್ತೀಯ ಕಣಣ್ಣ. ನಿಂಗೆ ಸಾರೇ ಸಾಕು."