ಇಬ್ಬರಿಗಾಗುವಷ್ಟು ಅಡುಗೆ

ಕೆಲವರಿಗೆ ತಮಗೆ ಈಜು ಬರುವುದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ, ಕೆಲವರಿಗೆ ಸೈಕಲ್ ಬರುವುದಿಲ್ಲ ಎನ್ನಲು ನಾಚಿಕೆ. ನನಗೆ ಇವೆರಡೂ ಬರುವುದಿಲ್ಲ, ಎರಡಕ್ಕೂ ನಾಚುತ್ತೇನೆ. ಆದರೆ ಅಡುಗೆ ಬರುವುದಿಲ್ಲ ಎಂಬುದಕ್ಕೆ ಮಾತ್ರ ಐವತ್ತಾರು ವರ್ಷ ತುಂಬುವವರೆಗೆ ಒಮ್ಮೆಯೂ ನಾಚಿಕೆಯಾಗಿರಲಿಲ್ಲ. ನಿಜ ಹೇಳಬೇಕೆಂದರೆ ಸಣ್ಣದೊಂದು ಹೆಮ್ಮೆಯೇ ಇತ್ತು. ಕಾರಣ, ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಅಡುಗೆ ಎಂದರೆ ರಸಾಯನಶಾಸ್ತ್ರದ ಒಂದು ಸಣ್ಣ ಶಾಖೆ, ದೊಡ್ಡ ಮರವೇ ಗೊತ್ತಿರುವವನಿಗೆ ಟೊಂಗೆಯದೇನು ಚಿಂತೆ ಎಂದು ನಂಬಿಕೊಂಡಿದ್ದೆ. ಊಟಕ್ಕೆ ಕೂತಾಗ ಒಗ್ಗರಣೆಯಲ್ಲಿ ಉಳ್ಳಾಗಡ್ಡಿ ಏಕೆ ಕೆಂಪಾಗುತ್ತದೆ, ಮೊಸರು ಏಕೆ ಹುಳಿಯಾಗುತ್ತದೆ ಎಂದು ನನ್ನ ಹೆಂಡತಿ ಗಿರಿಜಾಳಿಗೆ ವಿವರಿಸುತ್ತಿದ್ದೆ. ಅವಳು ಶ್ರದ್ಧೆಯಿಂದ ಕೇಳಿ, "ಹೌದೇನ್ರಿ? ಹಂಗಾದ್ರ ಇನ್ನೊಂದು ರೊಟ್ಟಿ ಹಾಕ್ಲೇನು?" ಎನ್ನುತ್ತಿದ್ದಳು. ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಈ ವ್ಯವಸ್ಥೆ ಸುಖವಾಗಿ ನಡೆದಿರುವಾಗ, ಯುಗಾದಿಗೆ ಇನ್ನೂ ಹದಿನೈದು ದಿನವಿದೆ ಎನ್ನುವಾಗ, ಗಿರಿಜಾ ಮಾಳಿಗೆಯ ಮೆಟ್ಟಿಲ ಮೇಲೆ ಜಾರಿಬಿದ್ದಳು. ಮಾಳಿಗೆಯ ಮೇಲೆ ಸಂಡಿಗೆ ಇಡಲು ಹೊರಟಿದ್ದಳು. ಕೈಯಲ್ಲಿ ಹಿಟ್ಟಿನ ಪಾತೆಲಿ ಇತ್ತು. ನಾನು ಸದ್ದು ಕೇಳಿ ಓಡಿಹೋದಾಗ ಅವಳು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಪಾತೆಲಿ ಎಡಗೈಯಲ್ಲಿ ನೆಟ್ಟಗಿತ್ತು, ಬಲಗೈ ಮಣಿಕಟ್ಟು ಮಾತ್ರ ಇರಬಾರದ ದಿಕ್ಕಿಗೆ ತಿರುಗಿತ್ತು. "ಕೈ ಹೋತ್ರಿ," ಎಂದಳು. ಆಮೇಲೆ, ನನಗೆ ಸಮಾಧಾನವಾಗಲೆಂದೋ ಏನೋ, "ಹಿಟ್ಟೇನ ಚೆಲ್ಲಿಲ್ಲ," ಎಂದಳು.

ಡಾಕ್ಟರು ಆರು ವಾರಕ್ಕೆ ಪ್ಲಾಸ್ಟರ್ ಹಾಕಿ, ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು. ನಮ್ಮ ನವನಗರದ ಓಣಿಯ ಹೆಣ್ಣುಮಕ್ಕಳು ಮೂರು ದಿನ ಡಬ್ಬಿಗಳಲ್ಲಿ ಊಟ ತಂದುಕೊಟ್ಟರು. ನಾಲ್ಕನೆಯ ದಿನದಿಂದ ನಾನು ಖಾನಾವಳಿಯಿಂದ ತಂದೆ. ಖಾನಾವಳಿಯ ಊಟ ಒಂದು ಹೊತ್ತಿಗೆ ಅಮೃತ, ಆದರೆ ಐದನೆಯ ದಿನಕ್ಕೆ ಅದರ ಎಣ್ಣೆಗೂ ನನ್ನ ಹೊಟ್ಟೆಗೂ ಮನಸ್ತಾಪವಾಯಿತು. ಅಂದು ಎದೆ ನೀವಿಕೊಳ್ಳುತ್ತ ಕೂತಿದ್ದಾಗ ಗಿರಿಜಾ, "ಪಾಪ, ನಿಮಗ ಒಂದು ಅನ್ನಾನೂ ಮಾಡಾಕ ಬರೂದಿಲ್ಲ" ಎಂದು ಮರುಗಿದಳು. ಬೈದಿದ್ದರೆ ಸುಮ್ಮನಿರುತ್ತಿದ್ದೆ. ಮರುಗಿದ್ದು ನಾಟಿತು.

"ಅಡಗಿ ಅಂದ್ರ ಏನ್ ಗಿರಿಜಾ? ಅಳತಿ ಮತ್ತ ಸೂಚನಾ. ಎರಡೂ ಕೈಯಾಗ ಕೊಡು, ನಾಳಿನ ಮಾಡಿ ತೋರಸ್ತೇನಿ," ಎಂದೆ.

ಈ ಮಾತು ಗಿರಿಜಾಳ ಎಡಗೈಯಲ್ಲಿದ್ದ ಫೋನಿನ ಆ ತುದಿಯಲ್ಲಿದ್ದ ಮಗಳು ಅಕ್ಷತಾಳ ಕಿವಿಗೂ ಬಿತ್ತು. ಅವಳು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಾಳೆ. ಆ ವಿದ್ಯೆ ಕಲಿಯತೊಡಗಿದ ಮೇಲೆ ನನ್ನೊಡನೆ ಮಾತಾಡುವ ದನಿಯೂ ಬದಲಾಗಿದೆ. ಗಾಬರಿಯಾದ ಎಮ್ಮೆಯನ್ನು ಮೈದಡವಿ ನಿಲ್ಲಿಸುವ ದನಿ ಅದು. "ಅಪ್ಪಾ, ನಿಂಗ ಬರೋಬ್ಬರಿ ಆಗೂದೊಂದು ಐತಿ. ಎಲ್ಲಾ ಅಳದು, ತೂಗಿ, ಹೆಚ್ಚಿ, ಪೊಟ್ಟಣ ಕಟ್ಟಿ ಡಬ್ಬ್ಯಾಗ ಇಟ್ಟು ಕಳಸ್ತಾರ. ಚೀಟಿ ಓದಿ ಮಾಡೂದಷ್ಟ. ಮೀಲ್ ಕಿಟ್ ಅಂತಾರ. ಈಗ ಹುಬ್ಬಳ್ಳ್ಯಾಗೂ ಬರಾಕತ್ತಾವು. ವಾರಕ್ಕ ನಾಕು ಹೇಳೇನಿ, ಹೆದರಬ್ಯಾಡ," ಎಂದಳು. ನಾನು ಹೆದರಿದ್ದೇನೆಂದು ಅವಳಿಗೆ ಯಾರು ಹೇಳಿದರೋ.

ಡಬ್ಬಿ ಬಂತು. ಮೇಲೆ "ಇಬ್ಬರಿಗೆ, ಮೂವತ್ತು ನಿಮಿಷ" ಎಂದು ಬರೆದಿತ್ತು. ಒಳಗೆ ಅಂಗೈಯಷ್ಟು, ಬೆರಳಷ್ಟು, ಉಗುರಷ್ಟು ದೊಡ್ಡ ಪೊಟ್ಟಣಗಳು, ಒಂದೊಂದಕ್ಕೂ ಸಂಖ್ಯೆ. ನನಗೆ ಕಣ್ಣು ತುಂಬಿ ಬಂತು. ಇಪ್ಪತ್ತೇಳು ವರ್ಷ ಪ್ರಯೋಗಾಲಯದಲ್ಲಿ ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಅಡುಗೆಕಟ್ಟೆಯ ಮೇಲೆ ಹನ್ನೊಂದು ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ, ಕನ್ನಡಕ ಒರೆಸಿಕೊಂಡೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎರಡ ಎಸಳು ಬಳ್ಳೊಳ್ಳಿಗೂ ಒಂದು ಪೊಟ್ಟಣೇನ್ರಿ?" ಎಂದಳು. ಮತ್ತೊಂದನ್ನು ಎಡಗೈಯಲ್ಲಿ ಎತ್ತಿ ಮೂಸಿ, "ಅಯ್ಯ, ಇದು ಕಾಮಕಸ್ತೂರಿ! ಹಿತ್ತಲದಾಗ ಕಿತ್ತು ಒಗದಷ್ಟೂ ಬೆಳಿತೈತಿ," ಎಂದಳು. ಪೊಟ್ಟಣದ ಮೇಲೆ ಅದಕ್ಕೆ ಇಟಲಿಯ ಹೆಸರಿತ್ತು. ಪ್ರಯೋಗ ನಡೆಯುವಾಗ ಹೊರಗಿನವರು ಟೀಕೆ ಮಾಡಬಾರದೆಂದು ತಿಳಿಸಿ, ಅವಳನ್ನು ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂಡಿಸಿ ಬಂದೆ.

ಸೂಚನೆಯ ಚೀಟಿಯನ್ನು ಯಾವುದೋ ಯಂತ್ರ ಕನ್ನಡಕ್ಕೆ ತಂದಿತ್ತು. ಮೊದಲ ಸಾಲೇ "ಈರುಳ್ಳಿಯನ್ನು ಐದು ನಿಮಿಷ ಬೆವರಿಸಿ" ಎಂದಿತ್ತು. ಸಣ್ಣ ಉರಿಯಲ್ಲಿ ಬಾಡಿಸುವುದಕ್ಕೆ ಇಂಗ್ಲಿಷಿನವರು ಹಾಗೆನ್ನುತ್ತಾರೆಂದು ಅಕ್ಷತಾ ಹೇಳಿದ್ದು ಆಮೇಲೆ. ಸೂಚನೆಯನ್ನು ಅಕ್ಷರಶಃ ಪಾಲಿಸದ ಹುಡುಗರ ಅಂಕ ಕಡಿದವನು ನಾನು. ಬಾಣಲೆಯಲ್ಲಿ ಉಳ್ಳಾಗಡ್ಡಿ ಹಾಕಿ, ಅದು ಬೆವರುವುದನ್ನೇ ಬಗ್ಗಿ ನೋಡುತ್ತ ನಿಂತೆ. ಬೇಸಿಗೆಯ ಧಗೆಯಲ್ಲಿ, ಒಲೆಯ ಮುಂದೆ, ಬೆವರಿದವನು ನಾನೊಬ್ಬನೇ. ಉಳ್ಳಾಗಡ್ಡಿ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಮೂರನೆಯ ಸಾಲಿನಲ್ಲಿ ಇನ್ನೊಂದು ಆಘಾತ ಕಾದಿತ್ತು. ಎಲ್ಲವನ್ನೂ ಗ್ರಾಮಿನಲ್ಲಿ ಹೇಳಿದ ಮಹಾನುಭಾವರು ಉಪ್ಪಿನ ಬಗ್ಗೆ ಮಾತ್ರ "ರುಚಿಗೆ ತಕ್ಕಷ್ಟು" ಎಂದು ಬರೆದು ಕೈ ತೊಳೆದುಕೊಂಡಿದ್ದರು. ಯಾರ ರುಚಿಗೆ? ಎಷ್ಟಕ್ಕೆ ತಕ್ಕಷ್ಟು? ಮೂವತ್ತು ನಿಮಿಷದ ಅಡುಗೆ ಒಂದು ತಾಸು ಐವತ್ತು ನಿಮಿಷಕ್ಕೆ ಮುಗಿಯಿತು. ಹನ್ನೆರಡು ಪಾತ್ರೆ ಹೊಲಸಾದವು. ಗಿರಿಜಾ ಒಂದು ತುತ್ತು ತಿಂದು, ನೀರು ಕುಡಿದು, "ಬಿಸಿ ಐತ್ರಿ," ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೇಳಿದ ಅತ್ಯಂತ ದಯೆಯ ಸುಳ್ಳು ಅದೇ ಇರಬೇಕು. ಯಾಕೆಂದರೆ ಅದು ಬಿಸಿಯೂ ಇರಲಿಲ್ಲ.

ಎರಡನೆಯ ಡಬ್ಬಿ ತಿನ್ನಲು ಬರುವಂತಾಯಿತು. ಮೂರನೆಯದನ್ನು ಅವಳು ಮತ್ತೊಮ್ಮೆ ಬಡಿಸಿಕೊಂಡಳು. ಪರೀಕ್ಷೆ ಮುಗಿದು ನನಗೂ ರಜೆ ಬಂದಿತ್ತು. ಮಧ್ಯಾಹ್ನ ಬೇವಿನ ನೆರಳಲ್ಲೇ ತಾಟು ಹಿಡಿದು ಕೂಡತೊಡಗಿದೆವು. ಗಾಳಿ ಬೀಸಿದಾಗ ಬೇವಿನ ಹೂವು ತಾಟಿನೊಳಗೆ ಉದುರುತ್ತಿದ್ದವು. ಚೀಟಿಯಲ್ಲಿ ಇಲ್ಲದ ಹನ್ನೆರಡನೆಯ ಪೊಟ್ಟಣ ಎಂದು ನಾನು ಅವನ್ನೂ ತಿಂದೆ. ಅಲ್ಲಿ ಕೂತಾಗ ನನಗೊಂದು ಗೊತ್ತಾಯಿತು. ಕೈ ಮುರಿದವಳು ಸುಖವಾಗಿದ್ದಳು. ದಿನವಿಡೀ ಹೊರಗೆ ಕೂತು, ಬಟ್ಟೆ ಒಣಹಾಕುವ ತಂತಿಯ ತುದಿಗೆ ಸೂರಕ್ಕಿಯೊಂದು ನಾರು, ಜೇಡರಬಲೆ, ಕಾಗದದ ಚೂರು ತಂದು ಗೂಡು ಕಟ್ಟುವುದನ್ನು ನೋಡುತ್ತಿದ್ದಳು. ಆ ತಂತಿಯ ಮೇಲೆ ಬಟ್ಟೆ ಹಾಕಬಾರದೆಂದು ನನಗೆ ತಾಕೀತಾಗಿತ್ತು. ಕೋಗಿಲೆ ಕೂಗಿದರೆ ಎಡಗೈ ಎತ್ತಿ ನನ್ನನ್ನು ಸುಮ್ಮನಿರಿಸುತ್ತಿದ್ದಳು.

"ಇಪ್ಪತ್ತೆರಡು ವರ್ಷ ಆತ್ರಿ ಈ ಮನಿಗೆ ಬಂದು," ಎಂದಳು ಒಂದು ದಿನ. "ಈ ಗಿಡ ಹೂವು ಬಿಡ್ತೈತಿ ಅಂತ ನನಗ ಕಸಾ ಹೊಡಿಯೂವಾಗ ಅಷ್ಟ ಗೊತ್ತಿತ್ತು. ತಲಿ ಎತ್ತಿ ನೋಡೇ ಇದ್ದಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಬೇವಿನ ಹೂವಿನ ಕಹಿಗೆ ಕಾರಣವಾದ ಸಂಯುಕ್ತದ ಹೆಸರು ಬಾಯಿಗೆ ಬಂದಿತ್ತು. ಮೊದಲ ಬಾರಿಗೆ ಅದನ್ನು ನುಂಗಿಕೊಂಡೆ.

ಯುಗಾದಿಯ ಮರುದಿನ ಗಿರಿಜಾಳ ಅಣ್ಣ ಫಕೀರಪ್ಪ ಶಿರಗುಪ್ಪಿಯಿಂದ ಬಂದರು. ಹೊಲ ಮನೆ ನೋಡಿಕೊಂಡಿರುವ, ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ತಂಗಿ ಬಿದ್ದ ಸುದ್ದಿ ಅವರಿಗೆ ತಡವಾಗಿ ಮುಟ್ಟಿತ್ತು. ಮೋಟರ್ ಸೈಕಲ್ಲಿಗೆ ಹೊಸ ಜೋಳದ ಹಿಟ್ಟಿನ ಚೀಲ, ಮೆಂತ್ಯದ ಸಿವುಡು, ಉಳ್ಳಾಗಡ್ಡಿ ತಪ್ಪಲು ಕಟ್ಟಿಕೊಂಡು ಬಂದಿದ್ದರು. ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಒಲೆಯ ಮೇಲೆ ಇಬ್ಬರಿಗಾಗುವಷ್ಟು ಇಟಲಿಯ ಅಡುಗೆ ಕುದಿಯುತ್ತಿತ್ತು. ನನಗೆ ಸಂಕೋಚವೇನೂ ಆಗಲಿಲ್ಲ, ಉಬ್ಬಿಹೋದೆ. ಹಳ್ಳಿಯ ಗಂಡಸಿಗೆ ಓದಿದ ಗಂಡಸು ಹೇಗೆ ಬದುಕುತ್ತಾನೆಂದು ತೋರಿಸುವ ಅವಕಾಶ. ಇದ್ದುದನ್ನು ಮೂರು ಪಾಲು ಮಾಡಿ, ಮೇಲೆ ಕಾಮಕಸ್ತೂರಿ ಉದುರಿಸಿ, ಅವರ ಮುಂದಿಟ್ಟೆ. "ಎಲ್ಲಾ ನಾನ ಮಾಡೇನಿ. ಹೆಂಗಸರ ಕೆಲಸ, ಗಂಡಸರ ಕೆಲಸ ಅಂತ ಭೇದ ಮಾಡೂ ಕಾಲ ಅಲ್ಲ ನೋಡ್ರಿ ಇದು," ಎಂದೂ ಸೇರಿಸಿದೆ.

ಫಕೀರಪ್ಪ ಐದು ತುತ್ತಿನಲ್ಲಿ ತಾಟು ಬರಿದು ಮಾಡಿದರು. ಮೀಸೆ ಒರೆಸಿಕೊಂಡರು. "ಛಲೋ ಐತ್ರಿ ಮಾಸ್ತರ್ರ," ಎಂದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ತಂಗಿಯ ಕಡೆ ತಿರುಗಿ ಮೆಲ್ಲಗೆ, "ಊಟ ಯಾವಾಗ ಮಾಡೂದವ್ವಾ?" ಎಂದರು.

ಗಿರಿಜಾ ನಕ್ಕ ರಭಸಕ್ಕೆ ಪ್ಲಾಸ್ಟರ್ ಹಾಕಿದ ಕೈ ಜೋಲಿಯಿಂದ ಹೊರಬಂತು. ನಾನು ಗೋಡೆ ನೋಡಿದೆ. ರೊಟ್ಟಿ ಬಡಿಯುವ ಕೈ ಮುರಿದ ಮೇಲೆ ಮನೆಯಲ್ಲಿ ರೊಟ್ಟಿಯೇ ಆಗಿಲ್ಲ ಎಂಬುದು ಫಕೀರಪ್ಪನವರಿಗೆ ತಿಳಿದಾಗ ಅವರು ಎದ್ದು ಕೈ ತೊಳೆದು, ಧೋತರ ಮೇಲೆ ಕಟ್ಟಿ, ಅಡುಗೆಮನೆಗೆ ನಡೆದರು. "ಪರಾತ ಎಲ್ಲೈತಿ?" ಎಂದರು. ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ನೀರು ಸುರಿದು, ನಾದಿ, ಉಂಡೆ ಕಟ್ಟಿ, ಬಡಿಯತೊಡಗಿದರು. ಆ ದೊಡ್ಡ ಒರಟು ಅಂಗೈಯ ಕೆಳಗೆ ರೊಟ್ಟಿ ತಾನೇ ತಿರುಗಿ ತಿರುಗಿ ಅಗಲವಾಯಿತು. ಹಂಚಿನ ಮೇಲೆ ಬಿದ್ದು ಉಬ್ಬಿತು. ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ಹಿಂದೆ ಗಿರಿಜಾಳೂ ಹಾಗೆಯೇ ನಿಂತಿದ್ದಳು.

"ಅಣ್ಣಾ, ನಿನಗ ರೊಟ್ಟಿ ಬಡಿಯಾಕ ಯಾವಾಗಿಂದ ಬರ್ತೈತಿ?"

"ನೀ ಧಾರವಾಡದಾಗ ಹಾಸ್ಟೆಲಿನ್ಯಾಗ ಇದ್ದಿ ನೋಡು, ಆವಾಗ," ಎಂದರು ಫಕೀರಪ್ಪ, ಹಂಚಿನಿಂದ ಕಣ್ಣೆತ್ತದೆ. "ಅವ್ವ ಹಾಸಿಗಿ ಹಿಡದಿದ್ಲು. ಎಂಟು ತಿಂಗಳು. ನಿನಗ ಹೇಳಬ್ಯಾಡ ಅಂದ್ಲು, ಪರೀಕ್ಷಾ ಬಿಟ್ಟು ಓಡಿ ಬರ್ತಾಳ ಅಂತ. ಮಲಕೊಂಡಲ್ಲಿಂದ ಹೇಳಿಕೊಟ್ಲು, ನಾ ಬಡದೆ. ಹಾಸ್ಟೆಲಿಗೆ ಬುತ್ತಿ ಕಟ್ಟಿ ಕಳಸಿದ ರೊಟ್ಟಿ ಉಣ್ಣತಿದ್ಯಲ್ಲ, ಅವ್ವ ಮಾಡ್ಯಾಳ ಅಂತ? ಅವು ನನ್ನವ."

ಗಿರಿಜಾ ಹಂಚಿನಿಂದಿಳಿದ ರೊಟ್ಟಿಯನ್ನು ಎಡಗೈಯಲ್ಲಿ ಮುರಿದು, ಪಲ್ಯವಿಲ್ಲದೆ, ಬಿಸಿಬಿಸಿಯಾಗಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. "ಹೌದು," ಎಂದಳು ಕೊನೆಗೆ. "ಇದ ರೊಟ್ಟಿ." ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಗೆ ಹೀಗಾಯಿತೆಂದಳು. ನಮ್ಮದು ಗ್ಯಾಸ್ ಒಲೆ.

ಹೆಂಗಸರ ಕೆಲಸ, ಗಂಡಸರ ಕೆಲಸದ ಬಗ್ಗೆ ನಾನು ಮಾಡಿದ ಭಾಷಣ ಆ ಅಡುಗೆಮನೆಯಲ್ಲಿ ಎಲ್ಲೋ ಅಡಗಿಕೊಳ್ಳಲು ಮೂಲೆ ಹುಡುಕುತ್ತಿತ್ತು. ಅದನ್ನು ಮುಚ್ಚಿಹಾಕಲು, ಕುದಿಯುವ ನೀರಿನಿಂದ ಜೋಳದ ಹಿಟ್ಟಿಗೆ ಜಿಗುಟು ಹೇಗೆ ಬರುತ್ತದೆಂದು ವಿವರಿಸಲು ಹೊರಟೆ. ಫಕೀರಪ್ಪ ಶ್ರದ್ಧೆಯಿಂದ ಕೇಳಿ, "ಹೌದೇನ್ರಿ? ಹಂಗಾದ್ರ ಇದೊಂದು ನೀವ ಬಡೀರಿ," ಎಂದು ಉಂಡೆಯೊಂದನ್ನು ನನ್ನ ಮುಂದೆ ತಳ್ಳಿದರು. ಅಣ್ಣ ತಂಗಿಯರ ಗುಣ ಒಂದೇ ಎಂದು ಆಗ ತಿಳಿಯಿತು. ನನ್ನ ಮೊದಲ ರೊಟ್ಟಿ ಮೂರು ಕಡೆ ಹರಿಯಿತು, ಎರಡನೆಯದು ಪರಾತವನ್ನು ಬಿಟ್ಟು ಬರಲಿಲ್ಲ. ಅಂದು ನಾವು ಮೂವರೂ ಮೆಂತ್ಯದ ಪಲ್ಯದ ಜೊತೆ ಹನ್ನೊಂದು ರೊಟ್ಟಿ ತಿಂದೆವು. ಹರಿದವು ನನ್ನ ಪಾಲಿಗೆ.

ಮರುದಿನದಿಂದ ಡಬ್ಬಿ ಬೇಡವೆಂದು ಅಕ್ಷತಾಳಿಗೆ ಹೇಳಿದೆ. ಬೇವಿನ ಕೆಳಗಿನ ಕುರ್ಚಿಯನ್ನು ಅಡುಗೆಮನೆಯ ಕಿಟಕಿಗೆ ಹತ್ತಿರ ಎಳೆದುಕೊಂಡು ಗಿರಿಜಾ ಹೊರಗಿನಿಂದ ಹೇಳಿಕೊಡುವಳು, ನಾನು ಒಳಗಿನಿಂದ ಬಡಿಯುವೆನು. "ಸಪ್ಪಳ ಸರಿ ಇಲ್ಲ, ಇನ್ನೂ ಹಗರ ಬಡೀರಿ," ಎನ್ನುವಳು, ನೋಡದೆಯೇ. ಎಂಟು ದಿನಕ್ಕೆ ರೊಟ್ಟಿ ಹರಿಯುವುದು ನಿಂತಿತು. ಹದಿನೈದು ದಿನಕ್ಕೆ ಒಂದು ಉಬ್ಬಿತು. ಅದರ ಫೋಟೋ ತೆಗೆದು ಬೀದರಿಗೆ ಕಳಿಸಿದೆ. ಸೂರಕ್ಕಿಯ ಗೂಡಿನಲ್ಲಿ ಎರಡು ಮರಿಗಳು ಕಿಚಿಪಿಚಿ ಎನ್ನತೊಡಗಿದವು. ಸಾರು ಬಂತು, ಝುಣಕ ಬಂತು, ಉಪ್ಪಿಗೆ ಕೈ ತಾನೇ ಕುದುರಿತು. ಮಸಾಲೆಯ ಡಬ್ಬಿಗಳನ್ನೆಲ್ಲ ತೊಳೆದು ಚೀಟಿ ಅಂಟಿಸಿ, ನನಗೆ ಬೇಕಾದ ಕ್ರಮದಲ್ಲಿ ಜೋಡಿಸಿದೆ.

ಆರು ವಾರ ತುಂಬಿತು. ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, ಕೈ ತಿರುಗಿಸಿ ನೋಡಿ, ಇನ್ನು ಹಗುರವಾಗಿ ಕೆಲಸ ಮಾಡಬಹುದೆಂದರು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬರುತ್ತಿತ್ತು. ಗಿರಿಜಾ ಒಲೆಯ ಮುಂದೆ ನಿಂತು ಸಾರು ಮಾಡುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಅರ್ಧ ನಿಮಿಷ. ಆಮೇಲೆ ನೋಡುತ್ತೇನೆ, ಜೀರಿಗೆಯ ಡಬ್ಬಿ ಸಾಸಿವೆಯ ಜಾಗದಲ್ಲಿದೆ. ಸೌಟು ಇರುವ ಮೊಳೆಯಲ್ಲಿ ಜರಡಿ ನೇತಾಡುತ್ತಿದೆ. ಒಲೆಯ ಉರಿ ದೊಡ್ಡದಾಗಿದೆ. ನಾನು ಬಾಗಿಲಲ್ಲಿ ನಿಂತು ಸಣ್ಣಗೆ ಕೆಮ್ಮಿದೆ. ಅವಳು ತಿರುಗಲಿಲ್ಲ. ಹೋಗಿ ಉರಿ ಸಣ್ಣದು ಮಾಡಿದೆ. ಅವಳು ದೊಡ್ಡದು ಮಾಡಿದಳು. ಡಬ್ಬಿಗಳನ್ನು ಅವವುಗಳ ಜಾಗಕ್ಕೆ ಸರಿಸಿದೆ. "ಕೊತ್ತಂಬರಿ ಈಗ ಹಾಕಬಾರದಿತ್ತು," ಎಂದೆ.

ಗಿರಿಜಾ ಸೌಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಿಮ್ಮವ್ವ ತೀರಿಕೊಂಡು ಎಂಟು ವರ್ಷ ಆತು," ಎಂದಳು. "ಅಡಗಿಮನ್ಯಾಗ ನಾ ಒಬ್ಬಾಕಿನ ನಿಂತಿದ್ದೆ, ಆರಾಮ ಇತ್ತು. ಈಗ ನೋಡಿದ್ರ, ಅತ್ತಿಯವರು ಪ್ಯಾಂಟ್ ಹಾಕ್ಕೊಂಡು ಮತ್ತ ಬಂದಾರ." ನಂತರ ಸಾರನ್ನು ಸಣ್ಣ ಬಟ್ಟಲಿಗೆ ಹಾಕಿ ನನ್ನ ಕೈಗಿಟ್ಟು, "ಹೆಂಗ ಆಗೈತಿ ಹೇಳ್ರಿ," ಎಂದಳು.

ನನ್ನ ತಾಯಿ ಸೊಸೆಯ ಕೈಯ ಸಾರನ್ನು ಒಂದು ದಿನವಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಪಾಪ, ಹೊಗಳಲು ಅವ್ವನಿಗೇನು ಕಷ್ಟವಿತ್ತೋ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಬಟ್ಟಲು ಎತ್ತಿ ಕುಡಿದೆ. ಆರು ವಾರಗಳಲ್ಲಿ ನಾನು ಮಾಡಿದ ಯಾವ ಸಾರೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಅದನ್ನೇ ಹೇಳೋಣವೆಂದು ಬಾಯಿ ತೆರೆದೆ.

"ಹುಳಿ ಒಂದ್ ಚೂರು ಕಮ್ಮಿ ಆತೇನೋ," ಎಂದುಬಿಟ್ಟೆ.