ನವಾಬರ ತಾಟು, ದೊಡ್ಡವ್ವನ ರೊಟ್ಟಿ

ನಮ್ಮ ದೊಡ್ಡವ್ವನ ಜೊತೆ ಹೋದಲ್ಲೆಲ್ಲ, ನೆಲ ಬಿರಿದು ನನ್ನನ್ನು ನುಂಗಬಾರದೇ ಎಂದು ಬೇಡಿಕೊಂಡವನು ನಾನು. ಚಿತ್ತಾಪುರದಲ್ಲಿ ಎಲ್ಲಿ ನೋಡಿದರೂ ಶಹಾಬಾದ ಕಲ್ಲಿನ ನೆಲ, ಅದು ಬಿರಿಯುವುದಿಲ್ಲ. ಹೈದರಾಬಾದಿನ ನೆಲವಾದರೂ ಮೆತ್ತಗಿದ್ದೀತು ಎಂದುಕೊಂಡಿದ್ದೆ. ಅಲ್ಲಿ ಅಮೃತಶಿಲೆ ಹಾಸಿಬಿಟ್ಟಿದ್ದರು.

ದೊಡ್ಡವ್ವ ನನ್ನ ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ತೆಂಗಳಿಯಿಂದ ಬಂದು ನನ್ನನ್ನು ಸಾಕಿದಳು. ಮನೆಯವರೆಲ್ಲ ಹೊಲಕ್ಕೆ ಹೋಗು ಎಂದರೆ ಅವಳೊಬ್ಬಳು ಶಾಲೆಗೆ ಹೋಗು ಎಂದಳು. ಆದರೆ ಅವಳ ಮಾತು ನಡೆಯುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು. ಹೇಗೋ ಉರ್ದು ಕಲಿತು ತಹಸೀಲ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾದೆ. ಕಾಯಂ ಮಾಡುವುದು ತಹಸೀಲದಾರ ಸಾಹೇಬರ ಕೈಯಲ್ಲಿತ್ತು. ಅವರ ಮಾಮೂ, ಎಂದರೆ ಸೋದರಮಾವ, ಹೈದರಾಬಾದಿನ ಒಬ್ಬ ನವಾಬರು. ಚೀನಾದ ತಾಟು, ಬೀದರಿ ಹೂಜಿ, ಗಾಜಿನ ತೂಗುದೀಪದ ಝುಮ್ಮರು ಎಲ್ಲ ಕೂಡಿಸಿ, ಹವೇಲಿಯ ಮುಂಭಾಗವನ್ನು ನೋಡುವವರಿಗೆಂದೇ ತೆರೆದಿಟ್ಟಿದ್ದರು. "ಹೋಗಿ ನೋಡಿ ಬಾ. ನಾಲ್ಕು ಜನರ ನಡುವೆ ನಿನ್ನ ನಡತೆ ಹೇಗಿದೆ ಅಂತ ಮಾಮೂ ಹೇಳಲಿ, ಆಮೇಲೆ ಕಾಯಂ ಮಾಡೋಣ" ಎಂದರು ಸಾಹೇಬರು.

ದೊಡ್ಡವ್ವ ಆಗಲೇ ರೊಟ್ಟಿ ಕಟ್ಟತೊಡಗಿದ್ದಳು. ನಡತೆಯ ಪರೀಕ್ಷೆಗೆ ಇವಳನ್ನು ಕರೆದೊಯ್ಯುವುದೆಂದರೆ ಬಿಳಿ ಅಂಗಿ ತೊಟ್ಟು ಎಣ್ಣೆಗಾಣದ ಪಕ್ಕ ಕೂತಂತೆ. ಆದರೆ ಬೇಡ ಎನ್ನುವ ಧೈರ್ಯ ನಮ್ಮ ಮನೆತನದಲ್ಲೇ ಯಾರಿಗಿತ್ತು?

ಸೇಡಂ ಬರುವಷ್ಟರಲ್ಲಿ ರೈಲು ಡಬ್ಬಿಯವರಿಗೆಲ್ಲ ನನ್ನ ಚರಿತ್ರೆ ಬಾಯಿಪಾಠವಾಗಿತ್ತು.

"ಮಗ್ಗಿ ಒಪ್ಪಿಸೋವಾಗ ಮಾಸ್ತರಗಿಂತ ಇವಂದೇ ಮೀಸಿ ದೊಡ್ಡದಿತ್ತರಿ."

"ದೊಡ್ಡವ್ವಾ, ಸುಮ್ಮ ಕುಂದ್ರು."

"ಯಾಕ, ಸುಳ್ಳೇನು? ಮ್ಯಾಲಿಂದ ಮ್ಯಾಲೆ ನಪಾಸಾದ, ಆದ್ರೂ ಬಿಡ್ಲಿಲ್ಲರಿ. ಭಾಳ ಜಿದ್ದಿನಂವ."

ನಾನು ಕಿಟಕಿಗೆ ಮುಖ ಮಾಡಿ, ತೊಗರಿ ಹೊಲವನ್ನು ಹುಟ್ಟಿದಾಗಿನಿಂದ ಕಾಣದವನಂತೆ ನೋಡುತ್ತ ಕೂತೆ.

ಹವೇಲಿಯ ದಿವಾನಖಾನೆಯ ತುಂಬ ಇರಾನಿ ಗಾಲೀಚೆ, ಅದರ ತುಂಬ ಗುಲಾಬಿ. ದೊಡ್ಡವ್ವ ಬಾಗಿಲಲ್ಲೇ ನಿಂತಳು.

"ಲಿಂಗಕ್ಕ ಏರ್ಸೋ ಹೂವಿನ ಮ್ಯಾಲೆ ಕಾಲು ಹ್ಯಾಂಗ ಇಡ್ಲೋ?"

"ಅದು ಉಣ್ಣಿಯಾಗ ನೇಯ್ದ ಹೂವು, ದೊಡ್ಡವ್ವಾ."

"ಯಾವ್ದಾದ್ರೇನು, ಹೂವು ಹೂವೇ."

ಸೀರೆ ಎತ್ತಿ ಹಿಡಿದು, ಗುಲಾಬಿ ಬಿಟ್ಟು ಎಲೆಯಿಂದ ಎಲೆಗೆ ಜಿಗಿಯುತ್ತ, ಕುಂಟೆಬಿಲ್ಲೆ ಆಡುವ ಹುಡುಗಿಯಂತೆ ಆಚೆ ತಲುಪಿದಳು. ಸಾಮಾನು ಕಾಯುವ ದಾರೋಗಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಇವರ ಕಾಲಿಗೇನಾಗಿದೆ ಎಂದು ಉರ್ದುವಿನಲ್ಲಿ ಕೇಳಿದ. ವಾತ ಎಂದೆ.

ಮುಂದೆ ಬೆಳ್ಳಿ ಎಳೆ ಕೂರಿಸಿದ ಕಪ್ಪು ಬೀದರಿ ಹೂಜಿ. ಕಪ್ಪೇ ಅದರ ಚೆಂದ ಎಂದು ಜಗತ್ತೆಲ್ಲ ಹೊಗಳುತ್ತದೆ. ದೊಡ್ಡವ್ವ ಸೆರಗಿನಿಂದ ತಿಕ್ಕಲು ಹೋದಳು. "ಹಾತ್ ನಕೋ ಲಗಾವ್" ಎಂದು ದಾರೋಗಾ ಗದರಿದ.

"ಏನಂತಾನ?"

"ಮುಟ್ಟಬ್ಯಾಡ ಅಂತಾನ."

"ತಿಕ್ಕದ ಇಟ್ಟಾನಲ್ಲ, ನಾಚ್ಕಿ ಬಂದಿರ್ಬೇಕು. ಹುಣಸಿಹಣ್ಣು ಹಚ್ಚು ಅಂತ ಹೇಳವಂಗ."

ನಾನು ಹೇಳಲಿಲ್ಲ. ಬದಲಿಗೆ, ಹೂಜಿ ಬಹಳ ಸೊಗಸಾಗಿದೆ ಎನ್ನುತ್ತಾರೆ ಎಂದು ಅನುವಾದಿಸಿದೆ.

ಕೊನೆಯ ಮೇಜಿನ ಮೇಲೆ ತಿಳಿಹಸಿರು ಬಣ್ಣದ ಒಂದು ತಾಟಿತ್ತು. ದಾರೋಗಾ ದನಿ ತಗ್ಗಿಸಿ ಹೇಳಿದ: ಇದರಲ್ಲಿ ವಿಷದ ಅಡುಗೆ ಬಡಿಸಿದರೆ ತಾಟು ತಾನಾಗಿಯೇ ಒಡೆಯುತ್ತದೆ, ನವಾಬರ ಹಿರಿಯರು ಇದರಲ್ಲೇ ಉಣ್ಣುತ್ತಿದ್ದರು. ಈಗಿನ ನವಾಬರೂ ಅಡುಗೆಯವನು ಮೊದಲು ತಿಂದು ತೋರಿಸದ ಹೊರತು ತುತ್ತು ಮುಟ್ಟುವುದಿಲ್ಲ. ಇದನ್ನು ಮಾತ್ರ ಇದ್ದಂತೆ ಅನುವಾದಿಸಿದೆ. ತಪ್ಪಾಯಿತು.

"ಅಯ್ಯ ನಮ್ಮಪ್ಪಾ," ಎಂದಳು ದೊಡ್ಡವ್ವ. "ನೀಡಿದವರ ಮ್ಯಾಲೆ ನಂಬ್ಕಿ ಇಲ್ದ ಆ ಜೀವ ಹ್ಯಾಂಗ ಉಣ್ತದೋ?"

ನಾನೂ ದಾರೋಗಾನೂ ಝುಮ್ಮರಿನ ಕಡೆ ಕತ್ತೆತ್ತಿದ್ದೆವು, ಅಷ್ಟೇ. ತಿರುಗಿ ನೋಡಿದರೆ ಆ ತಾಟಿನಲ್ಲಿ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ಚಟ್ನಿ.

"ನೋಡು, ಒಡೀಲಿಲ್ಲ. ಇನ್ನ ಕರಿ ಅವರ್ನ, ಉಣ್ಲಿ."

ದಾರೋಗಾ ಕಿರುಚಿದ. ಆ ಕಿರುಚಾಟಕ್ಕೆ ಒಳಬಾಗಿಲ ಪರದೆ ಸರಿಸಿ ಮುದಿ ನವಾಬರೇ ಹೊರಬಂದರು. ನಾನು ಬಗ್ಗಿ ಸಲಾಮು ಮಾಡಿದವನು ಬಗ್ಗಿಯೇ ಉಳಿದೆ. ಮರುದಿನವೇ ಊರಲ್ಲಿ ಎತ್ತು ಹೂಡುತ್ತಿರುವ ನಾನು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದೆ.

"ಈ ಹೆಂಗಸು ಯಾರು? ನಿನಗೇನಾಗಬೇಕು?" ನವಾಬರು ಉರ್ದುವಿನಲ್ಲಿ, ಮೆಲ್ಲಗೆ ಕೇಳಿದರು.

ದೊಡ್ಡವ್ವ ನನ್ನ ಮುಖ ನೋಡಿದಳು. ಮುಖದಲ್ಲಿ ಏನು ಕಂಡಳೋ, ಎಂದೂ ತಗ್ಗದ ಅವಳ ದನಿ ತಗ್ಗಿತು.

"ಏನ್ ಕೇಳ್ತಾರ?"

"ನೀ ನನಗ ಏನಾಗ್ಬೇಕು ಅಂತ."

"ಗುರ್ತೇ ಇಲ್ಲ ಅನ್ನು. ರೈಲದಾಗ ಗಂಟುಬಿದ್ದಾಕಿ, ತಲಿ ಸರಿ ಇಲ್ಲ ಅನ್ನು. ನಿನ್ನ ನೌಕರಿಗಿ ಕುತ್ತು ಬರ್ಬಾರ್ದು, ಮಗನ. ನಾ ಏನೂ ತಿಳ್ಕೊಳಂಗಿಲ್ಲ. ಲಗೂ ಅನ್ನು."

ನಾನು ನೆಟ್ಟಗೆ ನಿಂತೆ.

"ವಾಲಿದಾ ಹೈಂ, ಹುಜೂರ್," ಎಂದೆ. ನನ್ನ ತಾಯಿ ಎಂದು.

ನವಾಬರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ರೊಟ್ಟಿಯ ಅಂಚು ಮುರಿದು, ಯಾರಿಗೂ ಮೊದಲು ತಿನ್ನಿಸದೆ, ಬಾಯಿಗಿಟ್ಟುಕೊಂಡರು. ಆ ಹಲ್ಲಿಗೆ ಜೋಳದ ರೊಟ್ಟಿ ಸುಲಭವಿರಲಿಲ್ಲ, ಬಹಳ ಹೊತ್ತು ಅಗಿದರು. ನುಂಗಿ ಆದ ಮೇಲೆ, ದೊಡ್ಡವ್ವನಿಗೆ ಕುರ್ಚಿ ತರಲು ದಾರೋಗಾನಿಗೆ ಸನ್ನೆ ಮಾಡಿದರು.

"ಏನಂದಿ?" ಎಂದು ದೊಡ್ಡವ್ವ ತುಟಿ ಅಲುಗದಂತೆ ಕೇಳಿದಳು.

"ನೀ ಹೇಳಿದ್ದೇ ಅಂದೆ."

"ಶಾಣ್ಯಾ ಆದಿ," ಎಂದವಳು, ಕುರ್ಚಿಯನ್ನು ನನ್ನಿಂದ ಒಂದು ಮಾರು ದೂರ ಎಳೆದುಕೊಂಡು, ನನ್ನ ಗುರುತೇ ಇಲ್ಲದವಳ ಹಾಗೆ ಆ ಕಡೆ ಮುಖ ಮಾಡಿ ಕೂತಳು.