ಇದಿನಬ್ಬ ಅವರ ಕೆಂಪು ಕಾರು ಹಿಂದಕ್ಕೆ ಹೋಗುವುದನ್ನು ಮುಂದಕ್ಕೆ ಹೋಗುವುದೆಂದು ಭಾವಿಸುವ ಬಗ್ಗೆ

ಸಂಬಂಧಪಟ್ಟ ಇಲಾಖೆ
ಕರಾವಳಿ ವಿಭಾಗ, ಉಡುಪಿ
(“ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಿ” ಎಂದು ಉಳಿದೆಲ್ಲ ಇಲಾಖೆಗಳು ಹೇಳುವುದು ಈ ಇಲಾಖೆಯನ್ನೇ)

ಸಂಖ್ಯೆ: ಸಂಇ/ಕವಿ/ದಿಕ್ಕು/ಹಿಂದೆ-ಮುಂದೆ/೨೦೨೫-೨೬
ದಿನಾಂಕ: ೧೨-೦೧-೨೦೨೬

ಸುತ್ತೋಲೆ

ವಿಷಯ: ಕಾಪುವಿನ ಶ್ರೀ ಇದಿನಬ್ಬ ಅವರ ಎರಡು ಆಸನಗಳ ಹಳೆಯ ಸ್ಪೋರ್ಟ್ಸ್ ಕಾರು ಯಶಸ್ವೀ ದುರಸ್ತಿಯ ನಂತರ ಹಿಂದಕ್ಕೆ ಓಡುತ್ತಿರುವ ಕುರಿತು.

ಉಲ್ಲೇಖ:
೧. ಹಳೆ ವಾಹನ ನವಚೈತನ್ಯ ಯೋಜನೆಯ ಮಾರ್ಗಸೂಚಿಗಳು.
೨. ಇಲಾಖೆಯ ಕಾರ್ಕಳ ಕಾರ್ಯಾಗಾರದ ಫೋರ್‌ಮನ್ ಶ್ರೀ ಮುದ್ದಣ್ಣ ಅವರು ನೀಡಿದ ‘ದುರಸ್ತಿ ಪೂರ್ಣಗೊಂಡಿದೆ’ ಪ್ರಮಾಣಪತ್ರ.
೩. ಶ್ರೀ ಇದಿನಬ್ಬ ಅವರ ಮನವಿಗಳು (ವಿಷಯ ಒಂದೇ; ದನಿ ಮಾತ್ರ ಏರುತ್ತಾ ಹೋಗಿದೆ).
೪. ಮಣಿಪಾಲದ ತಾಂತ್ರಿಕ ಸಲಹೆಗಾರರಾದ ಶ್ರೀಮತಿ ವಿಜೇತಾ ಅವರ ವರದಿ (ಸ್ವೀಕರಿಸಲಾಗಿದೆ, ಓದಲಾಗಿಲ್ಲ).

ಪ್ರಸ್ತಾವನೆ:

ಕಾಪು ಪೇಟೆಯಲ್ಲಿ ಗಡಿಯಾರದ ಅಂಗಡಿ ಇಟ್ಟುಕೊಂಡಿರುವ ಶ್ರೀ ಇದಿನಬ್ಬ ಅವರು ಮದುವೆಯಾದ ವರ್ಷ ಕೆಂಪು ಬಣ್ಣದ ಒಂದು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎರಡೇ ಸೀಟು. ಒಂದು ತನಗೆ, ಇನ್ನೊಂದು ಪತ್ನಿ ಶ್ರೀಮತಿ ಮುನೀರಾ ಅವರಿಗೆ ಎಂಬುದು ಅವರ ಅಂದಿನ ಎಣಿಕೆ. ಆದರೆ ಆ ಎರಡನೇ ಸೀಟಿನಲ್ಲಿ ಒಮ್ಮೆ ಮುನೀರಾ ಅವರ ಅತ್ತೆ ಕೂತರು, ಒಮ್ಮೆ ಅಕ್ಕಿ ಮೂಟೆ ಕೂತಿತು, ಒಮ್ಮೆ ಆಸ್ಪತ್ರೆಗೆ ಹೊರಟ ನೆರೆಮನೆಯವರು ಕೂತರು. ಮಕ್ಕಳಾದ ಮೇಲೆ ಎರಡು ಸೀಟು ಯಾರಿಗೂ ಸಾಲದೆ ಕಾರು ಟಾರ್ಪಾಲಿನ ಅಡಿ ಸೇರಿತು. ಸಂಜೆ ಹೊತ್ತು ಸಮುದ್ರ ನೋಡಿಕೊಂಡು ಬರುವ ಎಂದು ಮುನೀರಾ ಅವರು ಕೇಳಿದ್ದು ಒಂದೇ ಸಲ. “ನೋಡುವ” ಎಂದು ಇದಿನಬ್ಬ ಅವರು ಉತ್ತರಿಸಿದ್ದರು. ಇಷ್ಟು ವರ್ಷ ಒಂದು ವಿಷಯವನ್ನು ‘ನೋಡುವ’ ಎಂಬಲ್ಲಿಯೇ ಇಟ್ಟ ಬಗ್ಗೆ ಇಲಾಖೆಯು ಅವರ ಮೇಲೆ ಗೌರವ ಹೊಂದಿದೆ.

ಈಗ ಮಕ್ಕಳು ತಮ್ಮ ತಮ್ಮ ಮನೆ ಮಾಡಿಕೊಂಡಿದ್ದಾರೆ. ನೆಲಕ್ಕೆ ತಾಗಿದಂತಿರುವ ಆ ಕಾರಿನೊಳಗೆ ಇಳಿದು ಕೂರಲು ಇಬ್ಬರ ಮೊಣಕಾಲುಗಳೂ ಒಪ್ಪುತ್ತಿರುವಾಗಲೇ ಮುನೀರಾ ಅವರನ್ನು ಒಮ್ಮೆ ಕರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಆ ಮಾತು ತನ್ನ ಎದೆಯಲ್ಲೇ ಉಳಿದುಹೋಗುತ್ತದೆ ಎಂದು ಇದಿನಬ್ಬ ಅವರು ಮನವಿಯಲ್ಲಿ ಬರೆದಿರುತ್ತಾರೆ. ಎದೆಯಲ್ಲಿ ಉಳಿಯುವ ವಿಷಯಗಳು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕಡತದಲ್ಲಿ ಇರುವುದರಿಂದ ಇಲ್ಲಿ ನಮೂದಿಸಲಾಗಿದೆ.

ಟಾರ್ಪಾಲು ತೆಗೆದು ನೋಡಲಾಗಿ, ಮೂರನೇ ಗೇರ್ ಹಾಕಿದರೆ ಅದು ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. ಗೇರ್‌ಬಾಕ್ಸ್ ಗೊರಗೊರ ಎನ್ನುತ್ತಿತ್ತು. ಯೋಜನೆಯಡಿ ಕಾರನ್ನು ಕಾರ್ಕಳಕ್ಕೆ ಸಾಗಿಸಲಾಯಿತು. ಮುದ್ದಣ್ಣ ಅವರು ಎಲ್ಲವನ್ನೂ ಬಿಚ್ಚಿದರು, ಸವೆದದ್ದನ್ನು ಬದಲಿಸಿದರು, ಗೇರ್‌ಬಾಕ್ಸ್‌ನ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸುವ ‘ಕ್ರೌನ್’ ಎಂಬ ದೊಡ್ಡ ಹಲ್ಲಿನ ಗಾಲಿಯನ್ನು ಉಜ್ಜಿ ಅದರ ಜಾಗದಲ್ಲಿ ಕೂರಿಸಿದರು. ಇಲ್ಲಿಯವರೆಗೆ ಯಾವ ತಪ್ಪೂ ನಡೆದಿರುವುದಿಲ್ಲ. ಯೋಜನೆಯ ಪ್ರಕಾರ ಫೋಟೋ ತೆಗೆಯಲು ಹೊರಟಲ್ಲಿಂದ ಅಭಿವೃದ್ಧಿ ಆರಂಭವಾಯಿತು.

ಜಿಪಿಎಸ್ ಸಹಿತ ಫೋಟೋವನ್ನು ಇಲಾಖೆಯ ಪೋರ್ಟಲ್ “ಹಲ್ಲುಗಳು ಕಾಣುತ್ತಿಲ್ಲ” ಎಂದು ತಿರಸ್ಕರಿಸಿತು. ಮುದ್ದಣ್ಣ ಅವರು ಕ್ರೌನನ್ನು ಹೊರತೆಗೆದು, ಹಲ್ಲು ಕ್ಯಾಮೆರಾದ ಕಡೆ ಬರುವಂತೆ ಮಗುಚಿ ಇಟ್ಟು ಇನ್ನೊಂದು ಫೋಟೋ ತೆಗೆದರು. ಅದು ಮಂಜೂರಾಯಿತು. ಇನ್ನು ಇದನ್ನು ಮೊದಲಿನಂತೆ ತಿರುಗಿಸಿ ಕೂರಿಸಲೇ ಎಂದು ಅವರು ಕಚೇರಿಗೆ ಫೋನ್ ಮಾಡಿ ಕೇಳಿದಾಗ, ಮಂಜೂರಾದ ಫೋಟೋಗೂ ಮಾಡಿದ ಕೆಲಸಕ್ಕೂ ತಾಳೆಯಾಗತಕ್ಕದ್ದು ಎಂಬ ನಿಯಮವನ್ನು ಅವರ ಗಮನಕ್ಕೆ ತರಲಾಯಿತು. ಮುದ್ದಣ್ಣ ಅವರು ನಿಯಮ ಪಾಲಿಸಿದರು. ಕ್ರೌನ್ ಮಗುಚಿದರೆ ಚಕ್ರ ತಿರುಗುವ ದಿಕ್ಕೂ ಮಗುಚುತ್ತದೆ ಎಂಬ ಸಂಗತಿಯನ್ನು ನಿಯಮವು ಮುಂಗಂಡಿರಲಿಲ್ಲ. ಪರಿಣಾಮವಾಗಿ ಕಾರಿಗೆ ಈಗ ಹಿಂದಕ್ಕೆ ಹೋಗಲು ನಾಲ್ಕು ಗೇರ್‌ಗಳೂ ಮುಂದಕ್ಕೆ ಹೋಗಲು ಒಂದು ಗೇರೂ ಲಭ್ಯವಿರುತ್ತವೆ.

ಕಾರು ಪಡೆಯಲು ಬಂದ ಇದಿನಬ್ಬ ಅವರು ಹೊಸ ಅಂಗಿ ಹಾಕಿದ್ದರು. ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕಾರು ಹಿಂದಕ್ಕೆ ನೆಗೆದು ಕಾರ್ಯಾಗಾರದ ದಾಸವಾಳದ ಗಿಡವನ್ನು ಮಲಗಿಸಿತು. ಆಗ ಅವರು “ಇದು ಎಂತ ಮಾರಾಯ್ರೆ, ಒಂದನೇ ಗೇರಿಗೆ ಹಾಕಿದರೆ ಹಿಂದೆ ಹೋಗ್ತದೆ!” ಎಂದೂ, ಮುದ್ದಣ್ಣ ಅವರು “ಇದಿನಬ್ಬಾಕ, ಸರ್ಟಿಫಿಕೇಟಿನಲ್ಲಿ ಚೆನ್ನಾಗಿ ಹೋಗ್ತದೆ ಅಂತ ಮಾತ್ರ ಉಂಟು. ಯಾವ ಕಡೆ ಅಂತ ಇಲ್ಲ” ಎಂದೂ ಹೇಳಿಕೊಂಡಿರುವುದು ವಿಚಾರಣೆಯಿಂದ ತಿಳಿದುಬಂದಿದೆ. ಮುದ್ದಣ್ಣ ಅವರು ಇದನ್ನು ನೆಲ ನೋಡಿಕೊಂಡು ಹೇಳಿದರು ಎಂಬ ಅಂಶವನ್ನು ಅವರ ಸೇವಾ ಪುಸ್ತಕದಲ್ಲಿ ದಾಖಲಿಸಿಲ್ಲ.

ಇದಿನಬ್ಬ ಅವರು ರಿವರ್ಸ್ ಗೇರ್ ಹಾಕಿ, ಕಾರ್ಕಳದಿಂದ ಬೆಳ್ಮಣ್ ಮಾರ್ಗವಾಗಿ ಕಾಪುವಿಗೆ ಮುಂದಕ್ಕೆ ಬಂದರು. ಗೇರ್‌ಬಾಕ್ಸ್ ದಾರಿಯುದ್ದಕ್ಕೂ ಅರಚುತ್ತಿತ್ತು. ಬೆಳ್ಮಣ್‌ನಲ್ಲಿ ಸೈಕಲ್‌ನವರೊಬ್ಬರು ಅವರನ್ನು ಹಿಂದೆ ಹಾಕಿ, ಅಲ್ಲೇ ನಿಂತು ಎಳನೀರು ಕುಡಿದು, ಮತ್ತೊಮ್ಮೆ ಹಿಂದೆ ಹಾಕಿದರು. ಗೇಟಿನಲ್ಲಿ ನಿಂತು ಆ ಸದ್ದು ಕೇಳಿದ ಮುನೀರಾ ಅವರು ತಲೆಗೆ ಹಾಕಿದ್ದ ಹೊಸ ಶಾಲನ್ನು ಮಡಚಿ ಕಪಾಟಿನಲ್ಲಿಟ್ಟರು. ಇದಿನಬ್ಬ ಅವರಿಗೆ ಅದನ್ನು ನೋಡಿ ಅಳು ಬಂದಿತ್ತು. ಮನವಿಯ ನಮೂನೆಯಲ್ಲಿ ಅಳುವಿಗೆ ಕಾಲಂ ಇಲ್ಲದ ಕಾರಣ ಅವರು ಅದನ್ನು ‘ಇತರೆ’ ಎಂಬಲ್ಲಿ ತುಂಬಿರುತ್ತಾರೆ.

ಕಾರನ್ನು ಮತ್ತೆ ಸರಿಪಡಿಸಿಕೊಡುವಂತೆ ಅವರು ಕೋರಿದ್ದಾರೆ. ಒಮ್ಮೆ ದುರಸ್ತಿಯಾದದ್ದನ್ನು ಮತ್ತೆ ದುರಸ್ತಿ ಮಾಡಿದರೆ ಮೊದಲು ಮಾಡಿದ್ದು ದುರಸ್ತಿಯಲ್ಲ ಎಂದಾಗುತ್ತದೆ. ಗೇರ್‌ಬಾಕ್ಸ್‌ಗೆ ಇಲಾಖೆಯ ಅರಗಿನ ಮುದ್ರೆ ಬಿದ್ದಿರುವುದರಿಂದ ಹೊರಗಿನ ಗ್ಯಾರೇಜಿನವರು ಅದನ್ನು ಮುಟ್ಟುವಂತೆಯೂ ಇಲ್ಲ. ಕಾರನ್ನು ಬದಲಿಸಲು ಅವಕಾಶವಿಲ್ಲದಿರುವಾಗ ದಿಕ್ಕುಗಳನ್ನು ಬದಲಿಸುವುದೇ ಸೂಕ್ತ ಎಂದು ತೀರ್ಮಾನಿಸಿ, ಎಲ್ಲ ಸಿಬ್ಬಂದಿ ಹಾಗೂ ಸಾರ್ವಜನಿಕರಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

೧. ಸದರಿ ಕಾರಿನ ಮಟ್ಟಿಗೆ ಡಿಕ್ಕಿ ಇರುವ ಕಡೆಯನ್ನು ಮುಂಭಾಗವೆಂದೂ ಬಾನೆಟ್ ಇರುವ ಕಡೆಯನ್ನು ಹಿಂಭಾಗವೆಂದೂ ತಿಳಿಯತಕ್ಕದ್ದು. ಡಿಕ್ಕಿಯ ಮೇಲೆ ದಿನವೂ ಮಲಗುವ ಬೆಕ್ಕಿನ ಹಕ್ಕುಗಳಿಗೆ ಇದರಿಂದ ಬಾಧೆಯಿಲ್ಲ.

೨. ಚಾಲಕರು ಭುಜದ ಮೇಲಿಂದ ತಿರುಗಿ ನೋಡುವುದನ್ನು ನೇರವಾಗಿ ನೋಡುವುದೆಂದು ಪರಿಗಣಿಸಲಾಗುವುದು. ಇದರಿಂದ ಕುತ್ತಿಗೆ ನೋವು ಬಂದಲ್ಲಿ ಅದು ಯೋಜನೆಗೆ ಮೊದಲೇ ಇದ್ದ ನೋವು.

೩. ರಿವರ್ಸ್ ಗೇರ್ ಬಳಸಿ ಮುಂದಕ್ಕೆ ಹೋಗುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಸಾರ್ವಜನಿಕ ರಸ್ತೆಯಲ್ಲಿ ಮೈಲುಗಟ್ಟಲೆ ರಿವರ್ಸ್ ಗೇರಿನಲ್ಲಿ ಸಾಗುವುದು ಅಪಾಯಕಾರಿ ಎಂಬುದು ಎಲ್ಲರಿಗೂ ತಿಳಿದ ವಿಷಯ.

೪. ರಸ್ತೆಯಲ್ಲಿ ಸದರಿ ಕಾರಿನ ಮುಖ ಕಂಡವರು ಅದು ತಮ್ಮ ಕಡೆಗೆ ಬರುತ್ತಿದೆ ಎಂದು ತಾವಾಗಿಯೇ ಊಹಿಸತಕ್ಕದ್ದಲ್ಲ. ಕಾರು ದೊಡ್ಡದಾಗುತ್ತಿದೆಯೇ ಸಣ್ಣದಾಗುತ್ತಿದೆಯೇ ಎಂಬುದನ್ನು ಸಾವಧಾನವಾಗಿ ಗಮನಿಸಬೇಕು. ದೊಡ್ಡದಾಗುತ್ತಿದ್ದರೆ ಪಕ್ಕಕ್ಕೆ ಸರಿಯಬೇಕು. ಸಣ್ಣದಾಗುತ್ತಿದ್ದರೆ ತಮ್ಮ ಕೆಲಸ ನೋಡಿಕೊಳ್ಳಬೇಕು. ಅಷ್ಟೇ ಇದ್ದಲ್ಲಿ ಕಾರು ನಿಂತಿದೆ, ಚಾಲಕರನ್ನು ಮಾತಾಡಿಸಬಹುದು.

೫. ಕಾಪು ಪೇಟೆಯ ಹೋಟೆಲುಗಳ ಮುಂದೆ ನಿಂತು, ದೂರದಿಂದ ಸದ್ದು ಕೇಳಿಯೇ “ಕ್ಲಚ್ ಪ್ಲೇಟ್ ಹೋಗಿದೆ”, “ಆಯಿಲ್ ಬದಲಿಸಿ ನೋಡಿ”, “ನನ್ನ ಭಾವನ ಜೀಪಿಗೂ ಹೀಗೇ ಆಗಿತ್ತು” ಎನ್ನುವವರು ತಮ್ಮ ಸಲಹೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಭಾವನ ಜೀಪನ್ನು ತಪಾಸಣೆಗೆ ಹಾಜರುಪಡಿಸಬೇಕು. ಭಾವನನ್ನೂ.

೬. ಬಸ್ಸಿನ ಕಿಟಕಿಯಿಂದ ಸದರಿ ಕಾರನ್ನು ನೋಡಿ ನಗುವ ವಿದ್ಯಾರ್ಥಿಗಳು ಬಸ್ಸಿನ ಎಡಬದಿಯಲ್ಲಿ ಮಾತ್ರ ನಗಬೇಕು. ಎಲ್ಲರೂ ಒಂದೇ ಬದಿಗೆ ಬಂದರೆ ಬಸ್ಸು ವಾಲುವ ಸಂಭವ ಇರುವುದರಿಂದ ಸರದಿಯಂತೆ ನಗಬೇಕು.

೭. ಈ ಕಾರಿಗೆ ಸಂಬಂಧಿಸಿದ ಪತ್ರಗಳಲ್ಲಿ ‘ಮುಂದುವರಿದು’ ಎಂದು ಬರೆಯುವ ಪದ್ಧತಿಯನ್ನು ಕೈಬಿಟ್ಟು ‘ಹಿಂದುವರಿದು’ ಎಂದು ಬರೆಯತಕ್ಕದ್ದು.

೮. ಹಿಂದುವರಿದು, ಈ ಸುತ್ತೋಲೆಯ ಕರಡು ಸಿದ್ಧವಾಗುತ್ತಿದ್ದ ವಾರದಲ್ಲಿ ಈ ಕೆಳಗಿನ ಘಟನೆ ನಡೆದಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಒಂದು ಸಂಜೆ ಇದಿನಬ್ಬ ಅವರು ಕಾರನ್ನು ಸುಮ್ಮನೆ ಒರೆಸುತ್ತಿದ್ದಾಗ ಮುನೀರಾ ಅವರು ಶಾಲು ಹಾಕಿಕೊಂಡು ಬಂದು ಎರಡನೇ ಸೀಟಿನಲ್ಲಿ ಕೂತರು. ಹಿಂದೆ ಹಿಂದೆ ಹೋಗುವ ಕಾರಿನಲ್ಲಿ ನಿನ್ನನ್ನು ಕೂರಿಸಿಕೊಂಡು ಹೋಗಲು ನನಗೆ ನಾಚಿಕೆ ಎಂದು ಇದಿನಬ್ಬ ಅವರು ಹೇಳಿದ್ದಕ್ಕೆ, “ಇಷ್ಟು ವರ್ಷ ಮುಂದೆ ಹೋಗುವ ಕಾರು ಇದ್ದಾಗ ಎಲ್ಲಿಗೆ ಕರಕೊಂಡು ಹೋದದ್ದು ನೀವು? ಹೊರಡಿ” ಎಂದು ಅವರು ಉತ್ತರಿಸಿದರೆಂದು ಬೇಲಿಯಾಚೆಯ ಸಾಕ್ಷಿಗಳು ತಿಳಿಸಿರುತ್ತಾರೆ.

ಅವರ ಮನೆಯಿಂದ ಕಡಲ ತೀರಕ್ಕೆ ನೇರವಾದ ರಸ್ತೆ. ಡಿಕ್ಕಿ ಸಮುದ್ರದ ಕಡೆ, ಬಾನೆಟ್ ಊರಿನ ಕಡೆ. ಮಲ್ಪೆಯಿಂದ ಮೀನು ತಂದು ಮಾರುವ ಶ್ರೀ ಫೌಸ್ಟಿನ್ ಅವರ ಟೆಂಪೋ ಇವರ ಬೆನ್ನಿಗೇ ಬಂತು. ಅಂದರೆ ಮುಖಕ್ಕೆ ಮುಖ ಮಾಡಿಕೊಂಡು ಬಂತು. ಕಾರು ಈಗ ಗುದ್ದುತ್ತದೆ, ಈಗ ಗುದ್ದುತ್ತದೆ ಎಂದು ಎರಡೆರಡು ಸಲ ಬ್ರೇಕ್ ಹಾಕಿದ ಫೌಸ್ಟಿನ್ ಅವರಿಗೆ, ಅದು ಎಷ್ಟು ಹೊತ್ತಾದರೂ ಬಂದು ಮುಟ್ಟದಿರುವುದು ಕಂಡು ಆಮೇಲೆ ಅರ್ಥವಾಯಿತು. ಇದಿನಬ್ಬ ಅವರು ಕುತ್ತಿಗೆ ತಿರುಗಿಸಿ ರಸ್ತೆ ನೋಡುತ್ತಿದ್ದರು. ಮುನೀರಾ ಅವರಿಗೂ ಫೌಸ್ಟಿನ್ ಅವರಿಗೂ ಮಾತ್ರ ಒಬ್ಬರನ್ನೊಬ್ಬರು ನೋಡದೆ ಬೇರೆ ದಾರಿ ಇರಲಿಲ್ಲ. ಅಷ್ಟು ಹೊತ್ತು ಎದುರಾಬದುರು ಕೂತ ಮೇಲೆ ಮಾತಾಡದಿದ್ದರೆ ಚೆನ್ನಾಗಿರುವುದಿಲ್ಲ. ಮುನೀರಾ ಅವರು ಕಿಟಕಿಯಿಂದ ತಲೆ ಹೊರಹಾಕಿ “ಬಂಗುಡೆ ಉಂಟಾ ಫೌಸ್ಟಿನ್?” ಎಂದು ಕೇಳಿದರು. “ಉಂಟು ಮುನೀರಕ್ಕ, ನೀವು ಮೊದಲು ನಿಲ್ಲಿಸಿ, ನನಗೆ ತಲೆ ತಿರುಗ್ತದೆ” ಎಂದು ಉತ್ತರ ಬಂತು. ಚಲಿಸುವ ವಾಹನದಿಂದ ಮೀನು ವಿಚಾರಿಸಿದ ಬಗ್ಗೆ ಪ್ರತ್ಯೇಕ ನೋಟೀಸು ನೀಡಲಾಗುವುದು.

ಸಮುದ್ರ ನೋಡಿದರು, ಕೂತರು. ಇಲ್ಲಿಯವರೆಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಮರಳಿ ಬರುವಾಗಿನ ವಿಷಯದಲ್ಲಿ. ಉಳಿದವರೆಲ್ಲರ ವಾಹನ ಹೊರಟ ಕೂಡಲೇ ಸಮುದ್ರ ಬೆನ್ನಿಗೆ ಬೀಳುತ್ತದೆ. ಇವರ ಕಾರು ಮನೆಯ ಕಡೆಗೆ ಡಿಕ್ಕಿ ಮಾಡಿಕೊಂಡು ಹೊರಟಿದ್ದರಿಂದ, ಮುಳುಗುತ್ತಿದ್ದ ಸೂರ್ಯನೂ ದೀಪಸ್ತಂಭವೂ ನೀರೂ ಮುನೀರಾ ಅವರ ಎದುರಿಗೇ ಉಳಿದವು. ಮನೆಯ ಗೇಟು ಬರುವವರೆಗೂ ಉಳಿದವು. ಮುನೀರಾ ಅವರು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಳುತ್ತಿದ್ದಾಳೋ ಎಂದು ಇದಿನಬ್ಬ ಅವರು ಹೆದರಿ ನೋಡಿದರೆ ಆಕೆ ನಗುತ್ತಿದ್ದರು. ಅವರಿಗೂ ಬಹಳ ಸಂತೋಷವಾಯಿತು. ಆ ಸಂತೋಷದಲ್ಲಿ ಗೇಟಿನ ಕಂಬಕ್ಕೆ ಸ್ವಲ್ಪ ತಾಗಿಸಿದರು.

೯. ಈ ಸುದ್ದಿ ಹಬ್ಬಿದ ಬಳಿಕ ಇಲಾಖೆಗೆ ಅರ್ಜಿಗಳು ಬರತೊಡಗಿವೆ. ಮಟ್ಟುವಿನ ಗುಳ್ಳ ಬದನೆಯ ಬೆಳೆಗಾರರಾದ ಶ್ರೀಮತಿ ಕುಶಲಾ ಅವರು ತಮ್ಮ ಗೂಡ್ಸ್ ರಿಕ್ಷಾಕ್ಕೂ ಇದೇ ದುರಸ್ತಿ ಆಗಬೇಕೆಂದೂ, “ಬದನೆಕಾಯಿ ಮಾರಲಿಕ್ಕೆ ಹೋಗುವಾಗ ನಮಗೂ ಸ್ವಲ್ಪ ಸಮುದ್ರ ಕಾಣಲಿ” ಎಂದೂ ಬರೆದಿದ್ದಾರೆ. ಯೋಜನೆಯಲ್ಲಿ ಮಂಜೂರಾಗದ ಸಂತೋಷವೊಂದು ಫಲಾನುಭವಿಗೆ ಸಂದಾಯವಾಗಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಆದ್ದರಿಂದ, ಸಾಧ್ಯವೇ ಇಲ್ಲವೆಂದು ಹಿಂದೆ ತಿಳಿಸಲಾಗಿದ್ದ ಮರುದುರಸ್ತಿಯನ್ನು ಕೂಡಲೇ ಕೈಗೊಳ್ಳಲು ಆದೇಶಿಸಿ, ಮುದ್ದಣ್ಣ ಅವರನ್ನು ಸ್ಪ್ಯಾನರ್ ಸಹಿತ ಕಾಪುವಿಗೆ ಕಳುಹಿಸಲಾಯಿತು.

೧೦. ಮುದ್ದಣ್ಣ ಅವರು ತಲುಪಿದಾಗ ಮುನೀರಾ ಅವರು ಸೀಟಿನಲ್ಲಿ ಕೂತಿದ್ದರು. ಇಳಿಯಲಿಲ್ಲ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಮುದ್ದಣ್ಣ, ನೀವು ಚಾ ಕುಡಿಯಿರಿ. ಮನೆಗೆ ಬರುವಾಗಲೂ ಸಮುದ್ರ ನನ್ನ ಎದುರಿಗೇ ಉಂಟು. ಇದನ್ನು ಇನ್ನು ಎಂತಕ್ಕೆ ಸರಿ ಮಾಡುವುದು?” ಮುದ್ದಣ್ಣ ಅವರು ಚಾ ಕುಡಿದರು. ಆಮೇಲೆ, ಕರ್ತವ್ಯದ ವೇಳೆಯಲ್ಲಿಯೇ, ಕಾರಿನ ಡಿಕ್ಕಿಯ ಎರಡೂ ಬದಿಗೆ ಎರಡು ಬಿಳಿ ದೀಪಗಳನ್ನೂ, ಇದಿನಬ್ಬ ಅವರ ಕುತ್ತಿಗೆಗೆ ಆರಾಮವಾಗಲೆಂದು ಸ್ಟೇರಿಂಗ್ ಹತ್ತಿರ ಒಂದು ದೊಡ್ಡ ಕನ್ನಡಿಯನ್ನೂ ಕೂರಿಸಿ ಬಂದಿರುತ್ತಾರೆ. ಫೋಟೋ ತೆಗೆದಿಲ್ಲ.

೧೧. ಶ್ರೀಮತಿ ಮುನೀರಾ ಅವರನ್ನು ಸದರಿ ಸೀಟಿನಿಂದ ಎಬ್ಬಿಸುವ ಅಧಿಕಾರ ಯಾರಿಗಿದೆ ಎಂದು ಎಲ್ಲ ಇಲಾಖೆಗಳಿಗೆ ಪತ್ರ ಬರೆದು ವಿಚಾರಿಸಲಾಗಿ, ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸುವಂತೆ ಎಲ್ಲರೂ ಉತ್ತರಿಸಿದ್ದಾರೆ. ಈ ಬಗ್ಗೆ ನೋಡುವ.

(ಸಹಿ/-)
ಸಂಬಂಧಪಟ್ಟ ಅಧಿಕಾರಿ
ಸಂಬಂಧಪಟ್ಟ ಇಲಾಖೆ, ಕರಾವಳಿ ವಿಭಾಗ, ಉಡುಪಿ

ಪ್ರತಿಗಳು:
೧. ಶ್ರೀ ಮುದ್ದಣ್ಣ, ಫೋರ್‌ಮನ್, ಕಾರ್ಕಳ: ಕನ್ನಡಿ ಎಲ್ಲಿಂದ ಬಂತು ಎಂಬ ಬಗ್ಗೆ ವಿವರಣೆ ನೀಡಲು. (ಕಾರ್ಯಾಗಾರದ ಕೈತೊಳೆಯುವ ಜಾಗದ ಕನ್ನಡಿ ಕಾಣೆಯಾಗಿದೆ.)
೨. ಶ್ರೀಮತಿ ವಿಜೇತಾ, ತಾಂತ್ರಿಕ ಸಲಹೆಗಾರರು, ಮಣಿಪಾಲ: ವರದಿಯನ್ನು ಓದಲಾಗುವುದು ಎಂಬ ಭರವಸೆಯೊಂದಿಗೆ.
೩. ಶ್ರೀ ಫೌಸ್ಟಿನ್, ಮಲ್ಪೆ: ತಲೆ ತಿರುಗುವುದು ನಿಂತ ಬಗ್ಗೆ ದೃಢೀಕರಣ ಸಲ್ಲಿಸಲು.
೪. ಶ್ರೀಮತಿ ಕುಶಲಾ, ಮಟ್ಟು: ಅರ್ಜಿ ತಿರಸ್ಕೃತ. ಕಳುಹಿಸಿದ ಗುಳ್ಳ ಸ್ವೀಕೃತ.
೫. ಬೆಕ್ಕು, ಡಿಕ್ಕಿಯ ಮೇಲೆ: ಷರತ್ತು ೧ರ ಮಾಹಿತಿಗಾಗಿ.
೬. ಕಚೇರಿ ಕಡತಕ್ಕೆ.
೭. ಶ್ರೀ ಇದಿನಬ್ಬ ಮತ್ತು ಶ್ರೀಮತಿ ಮುನೀರಾ, ಕಾಪು: ಖುದ್ದಾಗಿ ತಲುಪಿಸಲು. (ತಲುಪಿಸಲಾಗಲಿಲ್ಲ. ಮನೆಗೆ ಬೀಗ. ದಿನವೂ ಸೂರ್ಯ ಮುಳುಗಿದ ಮೇಲೆಯೇ ಬರುತ್ತಾರೆ ಎಂದು ನೆರೆಮನೆಯವರು ತಿಳಿಸಿದ್ದಾರೆ. ಕಚೇರಿಯ ವೇಳೆ ಅಷ್ಟರಲ್ಲಿ ಮುಗಿದಿರುತ್ತದೆ.)